5 ವಾರಕ್ಕೆ ಸ್ಕ್ಯಾನ್ ಬೇಕಾ ಬೇಡ್ವಾ: ಮನೆ ಗುಂಪಿನ ಜಗಳ

ದೊಡ್ಡಪ್ಪ: (ಫಾರ್ವರ್ಡ್) "5 ವಾರಕ್ಕೆ ಸ್ಕ್ಯಾನ್ ಮಾಡಿ ಮಗುವಿನ ಎದೆಬಡಿತ ಇಲ್ಲ ಅಂದರು. ಎರಡು ವಾರ ಬಿಟ್ಟು ನೋಡಿದರೆ ಇದೆ! ಮೂರು ತಿಂಗಳ ತನಕ ಯಾರೂ ಸ್ಕ್ಯಾನ್ ಮಾಡಿಸಬೇಡಿ."

ದೊಡ್ಡಪ್ಪ: ಹೆಣ್ಣುಮಕ್ಕಳೆಲ್ಲ ಓದಿ 🙏

ನಾನು: ದೊಡ್ಡಪ್ಪ, ಬಡಿತದ ಕಥೆ ನಿಜ ಇರಬಹುದು. ಒಳಗಿನಿಂದ ಮಾಡುವ ಸ್ಕ್ಯಾನ್‌ನಲ್ಲೂ ಬಡಿತ ಕಾಣುವುದು ಸುಮಾರು 6 ವಾರಕ್ಕೆ, ಹೊಟ್ಟೆ ಮೇಲಿಂದ ನೋಡಿದರೆ ಇನ್ನೂ ಒಂದು ವಾರ ತಡ. ಭ್ರೂಣ 7 ಮಿ.ಮೀ. ಆಗುವ ಮೊದಲು ಬಡಿತ ಕಾಣಲಿಲ್ಲ ಅಂತ ಒಂದೇ ಸ್ಕ್ಯಾನ್ ನೋಡಿ 'ಹೋಯಿತು' ಅನ್ನುವ ಹಾಗಿಲ್ಲ. ಆದರೆ ಆ ಕೊನೇ ಸಾಲು ಅಪಾಯ. ಅಳಿಸಿ.

ದೊಡ್ಡಪ್ಪ: ನಮ್ಮ ಕಾಲದಲ್ಲಿ ಯಾರು ಮಾಡಿಸಿದ್ದರು? ಹೆರಿಗೆ ಆಗಲಿಲ್ವಾ?

ಚಿಕ್ಕಮ್ಮ: ಆಗದೇ ಹೋದವರ ಲೆಕ್ಕ ಯಾರು ಇಟ್ಟಿದ್ದರು ಭಾವ?

ಅತ್ತಿಗೆ: ನನ್ನದೊಂದು ಪ್ರಶ್ನೆ. ಆವತ್ತು ರಕ್ತ ಕಾಣಿಸಿಕೊಂಡು ಎಮರ್ಜೆನ್ಸಿಗೆ ಓಡಿದಾಗ ಅಲ್ಲಿನ ಡಾಕ್ಟರ್ ಜೆಲ್ ಹಚ್ಚಿ ಎರಡು ನಿಮಿಷ ನೋಡಿ, ಏನೂ ಬಿಡಿಸಿ ಹೇಳದೆ, ರೇಡಿಯಾಲಜಿಗೆ ಹೋಗಿ ಅಂದರು. ಸುಮ್ನೆ ಎರಡು ಸಲ ಯಾಕೆ? ದುಡ್ಡಿಗೆ ತಾನೆ?

ನಾನು: ಹೇಳದೆ ಕಳಿಸಿದ್ದು ತಪ್ಪು ಅತ್ತಿಗೆ. ಸ್ಕ್ಯಾನ್ ತಪ್ಪಲ್ಲ. ಎಮರ್ಜೆನ್ಸಿಯಲ್ಲಿ ನಾವು ಡಾಕ್ಟರ್‌ಗಳು ಮುಖ್ಯವಾಗಿ ಹುಡುಕುವುದು ಒಂದನ್ನೇ: ಬಸಿರು ಗರ್ಭಕೋಶದ ಒಳಗೇ ಇದೆಯಾ? ಬರೀ ಕಪ್ಪು ಚೀಲ ಕಂಡರೆ ಸಾಲದು, ಯಾಕೆಂದರೆ ಬಸಿರು ಗರ್ಭಕೋಶದ ಪಕ್ಕದ ನಾಳದಲ್ಲಿ ನಿಂತಾಗಲೂ ಕೆಲವೊಮ್ಮೆ ಗರ್ಭಕೋಶದಲ್ಲಿ ನೀರು ಸೇರಿ ಚೀಲದ ಹಾಗೇ ಕಂಡು ಮೋಸ ಮಾಡುತ್ತದೆ. ಚೀಲದೊಳಗೆ ಪುಟ್ಟ ಬಳೆಯಂಥ ಯೋಕ್ ಸ್ಯಾಕ್ (ಭ್ರೂಣದ ಜೊತೆಗಿರುವ ಸಣ್ಣ ಚೀಲ) ಕಂಡರೆ, ಬಸಿರು ಒಳಗೇ ಇದೆ ಅಂತ ಉಸಿರು ಬಿಡುತ್ತೇವೆ. ಕಾಣದಿದ್ದರೆ 'ಇಲ್ಲ' ಅಂತಲ್ಲ, 'ಎಲ್ಲಿದೆ ಗೊತ್ತಾಗಲಿಲ್ಲ' ಅಂತ. ಆಗ ರೇಡಿಯಾಲಜಿಯ ಸ್ಕ್ಯಾನ್, ರಕ್ತದಲ್ಲಿರುವ ಬಸಿರಿನ ಹಾರ್ಮೋನು ಎಚ್‌ಸಿಜಿ, 48 ಗಂಟೆ ಬಿಟ್ಟು ಮತ್ತೆ ಎಚ್‌ಸಿಜಿ.

ಚಿಕ್ಕಮ್ಮ: ಎಚ್‌ಸಿಜಿ ಕಮ್ಮಿ ಇದ್ದರೆ ಭಯವಿಲ್ಲ ಅಂತಾರಲ್ಲ?

ನಾನು: ಕಮ್ಮಿ ಇದ್ದಾಗಲೂ ನಾಳ ಒಡೆಯಬಹುದು ಚಿಕ್ಕಮ್ಮ. ಒಬ್ಬರು ಬಂದಿದ್ದರು, ಮುಟ್ಟು ತಪ್ಪಿ ಎರಡು ವಾರ, ಹೊಟ್ಟೆಗಿಂತ ಭುಜದ ನೋವೇ ಜಾಸ್ತಿ ಅನ್ನುತ್ತಿದ್ದರು. ಹೊಟ್ಟೆಯೊಳಗೆ ರಕ್ತ ಸೇರಿದರೆ ಭುಜ ನೋಯುತ್ತದೆ. ಬಲಗಡೆ ಪಕ್ಕೆಲುಬಿನ ಹತ್ತಿರ ಸ್ಕ್ಯಾನ್‌ನ ಪ್ರೋಬ್ ಇಟ್ಟೆ. ಲಿವರ್‌ಗೂ ಕಿಡ್ನಿಗೂ ಮಧ್ಯೆ ಕಪ್ಪು ಪಟ್ಟಿ, ಅಂದರೆ ರಕ್ತ. ರೇಡಿಯಾಲಜಿ ಎಲ್ಲ ಬಿಟ್ಟು ನೇರ ಆಪರೇಷನ್ ಥಿಯೇಟರ್.

ದೊಡ್ಡಪ್ಪ: ನಾಳದಲ್ಲಿ ಬಸಿರು ನಿಲ್ಲುವುದು ನೂರಕ್ಕೆ ಒಬ್ಬರಿಗೆ.

ನಾನು: ಒಬ್ಬರೋ ಇಬ್ಬರೋ. ನೋವು, ರಕ್ತ ಅಂತ ಎಮರ್ಜೆನ್ಸಿಗೆ ಬಂದವರಲ್ಲಿ ಇನ್ನೂ ಜಾಸ್ತಿ. ಏನೂ ತೊಂದರೆ ಇಲ್ಲದವರು ಅವರ ಡಾಕ್ಟರ್ ಹೇಳಿದ ವಾರಕ್ಕೆ ಹೋಗಲಿ, ಅದು ಬೇರೆ ಮಾತು.

ಅತ್ತಿಗೆ: 'ಎಲ್ಲಿದೆ ಗೊತ್ತಾಗಲಿಲ್ಲ' ಅಂತ ಆವತ್ತೇ ಒಂದು ಮಾತು ಹೇಳಿದ್ದರೆ ರಾತ್ರಿಯೆಲ್ಲ ಅಳುತ್ತಿರಲಿಲ್ಲ.

ದೊಡ್ಡಪ್ಪ: ಸರಿ, ಕೊನೇ ಸಾಲು ತೆಗೆದು ಮತ್ತೆ ಹಾಕುತ್ತೇನೆ. ಬಡಿತದ ಕಥೆ ಇರಲಿ.

ನಾನು: ಇರಲಿ.