ಎಣ್ಣೆ ತೇಲಿದ ನೀರಿನಲ್ಲಿ ಹವ್ಯಾಸಕ್ಕಾಗಿ ಗಾಳ ಹಾಕಬಹುದೇ? (ಗೋವಾ)

ಪ್ರಶ್ನೆ – ವಾಸ್ಕೋದ ಗಾಳಗಾರ

ಎಲ್ಲರಿಗೂ ನಮಸ್ಕಾರ. ಕಾರವಾರದ ಕಡೆಯವನಾದ ನಾನು ಹದಿನಾಲ್ಕು ವರ್ಷಗಳಿಂದ ವಾಸ್ಕೋದಲ್ಲಿದ್ದೇನೆ. ಭಾನುವಾರಗಳಂದು ಮಗನನ್ನು ಕರೆದುಕೊಂಡು ಬೋಗ್ಮಾಳೊ ಬಳಿಯ ಬಂಡೆಗಳ ಮೇಲೆ ಕುಳಿತು, ಪಕ್ಕದ ಮರಳು ತಳಕ್ಕೆ ಗಾಳ ಬಿಡುವುದು ನನ್ನ ಹಳೆಯ ಹವ್ಯಾಸ. ಕಳೆದ ಭಾನುವಾರ ನೀರಿನ ಮೇಲೆ ಕಾಮನಬಿಲ್ಲಿನ ಬಣ್ಣದ ತೆಳುವಾದ ಪದರ ತೇಲುತ್ತಿತ್ತು. ಬಂಡೆಯ ಸಂದುಗಳಲ್ಲಿ ಡಾಂಬರಿನಂಥ ಕರಿ ಉಂಡೆಗಳು ಅಂಟಿಕೊಂಡಿದ್ದವು. ಮೇಲೆಳೆದ ದಾರವನ್ನು ಬೆರಳಿನಿಂದ ಒರೆಸಿದರೆ ಕಂದು ಜಿಡ್ಡು ಹತ್ತುತ್ತಿತ್ತು. ಆದರೂ ಆರು ಕಾಣೆ ಮೀನು ಸಿಕ್ಕವು. ಅವು ಈಗಲೂ ಫ್ರೀಜರಿನಲ್ಲಿವೆ.

ಅಲ್ಲಿ ಯಾವ ಫಲಕವೂ ಇರಲಿಲ್ಲ, ಯಾರೂ ತಡೆಯಲೂ ಇಲ್ಲ. ಎಣ್ಣೆ ಸೋರಿದಾಗ ಹೊರಡಿಸುವ ನಿಷೇಧ ದೋಣಿಯವರಿಗೆ ಮಾತ್ರವೋ, ದಡದಲ್ಲಿ ಗಾಳ ಹಿಡಿದು ಕುಳಿತವರಿಗೂ ಅನ್ವಯಿಸುತ್ತದೆಯೋ? ಹಿಡಿದ ಮೀನನ್ನು ನೀರಿಗೆ ಮರಳಿ ಬಿಟ್ಟರೆ ತಪ್ಪೇನೂ ಇಲ್ಲವೇ? ಅದೇ ಬಂಡೆಗಳಿಂದ ನೆರೆಮನೆಯವರು ಶಿನಾಣ್ಯೊ (ನಮ್ಮ ಪಚ್ಚಿಲೆ, ಬಂಡೆಗೆ ಅಂಟಿಕೊಳ್ಳುವ ಚಿಪ್ಪುಜೀವಿ) ಕಿತ್ತು ತರುತ್ತಾರೆ. ಅವರಿಗೆ ಏನು ಹೇಳಲಿ?

ಉತ್ತರ 1 – ಬಂದರಿನ ಹಳಬ

ನಮಸ್ಕಾರ ಸರ್. ಮೊದಲು ಕಾನೂನಿನ ಮಾತು. ದಡದಿಂದ 12 ನಾಟಿಕಲ್ ಮೈಲಿಯವರೆಗಿನ ಮೀನುಗಾರಿಕೆ ರಾಜ್ಯ ಸರ್ಕಾರದ ಅಧಿಕಾರಕ್ಕೆ ಸೇರಿದ್ದು, ಗೋವಾದಲ್ಲಿ ಅದಕ್ಕೆ ಆಧಾರ 1980ರ ಸಾಗರ ಮೀನುಗಾರಿಕೆ ನಿಯಂತ್ರಣ ಕಾಯ್ದೆ. ಜೂನ್ 1ರಿಂದ ಜುಲೈ 31ರವರೆಗಿನ ಮಳೆಗಾಲದ ನಿಷೇಧದಂತೆ ಈ ಕಾಯ್ದೆಯ ದೃಷ್ಟಿಯೂ ಹೆಚ್ಚಾಗಿ ದೋಣಿ ಮತ್ತು ಬಲೆಗಳ ಮೇಲೆಯೇ ಇರುವುದರಿಂದ, ಗಾಳಗಾರರು ತಮಗೂ ಇದಕ್ಕೂ ಸಂಬಂಧವಿಲ್ಲವೆಂದುಕೊಳ್ಳುವುದು ಸಹಜ. ಆದರೆ ಎಣ್ಣೆ ಸೋರಿದಾಗಿನ ನಿರ್ಬಂಧ ಬೇರೆ ದಾರಿಯಿಂದಲೂ ಬರಬಹುದು: ಜಿಲ್ಲಾಡಳಿತವು 2005ರ ವಿಪತ್ತು ನಿರ್ವಹಣಾ ಕಾಯ್ದೆಯಡಿ, ಇಲ್ಲವೇ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಮಿನಡಿ (ಹಿಂದಿನ 144) ಕಡಲತೀರಕ್ಕೆ ಜನ ಇಳಿಯುವುದನ್ನೇ ತಡೆಯಬಹುದು. ಅಂಥ ಆದೇಶದಲ್ಲಿ ಟ್ರಾಲರು, ಗಾಳ ಎಂಬ ಭೇದ ಇರಲೇಬೇಕೆಂದಿಲ್ಲ. ಆದ್ದರಿಂದ ಆದೇಶದ ಪ್ರತಿಯನ್ನು ಓದಿ, 'ಎಲ್ಲ ಬಗೆಯ ಮೀನುಗಾರಿಕೆ' ಎಂದಿದೆಯೋ 'ಯಾಂತ್ರಿಕ ದೋಣಿಗಳು' ಎಂದಿದೆಯೋ ನೋಡಬೇಕು.

ಮರಳಿ ಬಿಡುವ ವಿಚಾರಕ್ಕೆ ಅಮೆರಿಕದ ಉದಾಹರಣೆ ಸ್ಪಷ್ಟವಾಗಿದೆ. 2010ರ ಏಪ್ರಿಲ್‌ನಲ್ಲಿ ಮೆಕ್ಸಿಕೋ ಕೊಲ್ಲಿಯ ಡೀಪ್‌ವಾಟರ್ ಹೊರೈಜನ್ ಎಂಬ ತೈಲ ಕೊರೆಯುವ ವೇದಿಕೆ ಸ್ಫೋಟಗೊಂಡ ಮೇಲೆ ಅಲ್ಲಿನ ಕೇಂದ್ರ ಸರ್ಕಾರ ತನ್ನ ವ್ಯಾಪ್ತಿಯ ಕೊಲ್ಲಿ ನೀರಿನ ಸುಮಾರು 37 ಶೇಕಡಾ ಭಾಗವನ್ನು ಒಂದು ಹಂತದಲ್ಲಿ ಮುಚ್ಚಿತ್ತು. ಆ ಪ್ರದೇಶದಲ್ಲಿ ಹವ್ಯಾಸಿಗಳಿಗೂ ಪ್ರವೇಶವಿರಲಿಲ್ಲ, ಹಿಡಿದು ಬಿಡುವುದನ್ನೂ ನಿಷೇಧಿಸಲಾಗಿತ್ತು, ದೋಣಿಯಲ್ಲಿ ಹಾದುಹೋಗಲು ಮಾತ್ರ ಅವಕಾಶವಿತ್ತು. ನಮ್ಮಲ್ಲಿ 2025ರ ಮೇ 25ರಂದು ಕೊಚ್ಚಿಯಾಚೆ ಎಂಎಸ್‌ಸಿ ಎಲ್ಸಾ 3 ಹಡಗು ಮುಳುಗಿದಾಗ ಆ ಜಾಗದ ಸುತ್ತ 20 ನಾಟಿಕಲ್ ಮೈಲಿಯೊಳಗೆ ಮೀನು ಹಿಡಿಯಬಾರದೆಂದು ಕೇರಳ ಸೂಚಿಸಿತ್ತು. ದಡದ ಬಂಡೆಯ ಮೇಲೆ ಕುಳಿತವನಿಗೆ ಇಂಥ ವೃತ್ತ ತಾಗುವುದಿಲ್ಲ, ಎಣ್ಣೆ ಮಾತ್ರ ತಾಗುತ್ತದೆ. ಫಲಕವಿಲ್ಲದಿರುವುದನ್ನು ಅನುಮತಿ ಎಂದು ಓದಬೇಡಿ. ಮತ್ತೆ ಪದರ ಕಂಡರೆ ಕರಾವಳಿ ರಕ್ಷಣಾ ಪಡೆಯ 1554 ಸಂಖ್ಯೆಗೆ ಕರೆಮಾಡಿ ಸ್ಥಳ, ಸಮಯ, ಬಣ್ಣ ತಿಳಿಸಿ; ಎಣ್ಣೆ ಸೋರಿಕೆಯ ಕಾರ್ಯಾಚರಣೆಗೆ ದೇಶದಲ್ಲಿ ಅವರೇ ಮುಂದಾಳುಗಳು.

ಉತ್ತರ 2 – ಪ್ರಯೋಗಾಲಯದ ಅಕ್ಕ, ಪಣಜಿ

ಕಾನೂನನ್ನು ಮೇಲಿನವರು ಹೇಳಿದ್ದಾರೆ. ನಾನು ತಟ್ಟೆಯ ಕಡೆಯಿಂದ ಹೇಳುತ್ತೇನೆ. ತೈಲದಲ್ಲಿ ನಾವು ಹೆದರಬೇಕಾದದ್ದು ಮುಖ್ಯವಾಗಿ ಪಿಎಎಚ್ ಎಂಬ ಬಹುವಲಯ ಹೈಡ್ರೋಕಾರ್ಬನ್‌ಗಳಿಗೆ. ಅವುಗಳಲ್ಲಿ ಕೆಲವು ಕ್ಯಾನ್ಸರ್‌ಕಾರಕ. ಮೂಳೆಮೀನುಗಳ ಯಕೃತ್ತು ಇವನ್ನು ಒಡೆದು ಪಿತ್ತದ ಮೂಲಕ ಹೊರಹಾಕುವುದರಿಂದ ಮಾಂಸಖಂಡದಲ್ಲಿ ಬಹಳ ಕಾಲ ಉಳಿಯುವುದಿಲ್ಲ. ಶಿನಾಣ್ಯೊ, ತಿಸ್ರ್ಯೊ, ಕಲ್ವಗಳಂಥ ಚಿಪ್ಪುಜೀವಿಗಳಿಗೆ ಆ ಶಕ್ತಿ ತೀರ ಕಡಿಮೆ. ಅವು ದಿನವಿಡೀ ನೀರನ್ನು ಸೋಸುತ್ತ ಕುಳಿತಲ್ಲೇ ಕುಳಿತಿರುತ್ತವೆ, ಓಡಿಹೋಗಲು ಕಾಲೂ ಇಲ್ಲ, ರೆಕ್ಕೆಯೂ ಇಲ್ಲ. ಹಾಗಾಗಿ ನೆರೆಮನೆಯವರಿಗೆ ನಿಸ್ಸಂಕೋಚವಾಗಿ ಹೇಳಿ: ಆ ಬಂಡೆಯ ಚಿಪ್ಪು ಸದ್ಯಕ್ಕೆ ಬೇಡ, ಎರೆಗಾಗಿಯೂ ಬೇಡ. ಬೇಯಿಸಿದರೆ ಪಿಎಎಚ್ ಹೋಗುವುದಿಲ್ಲ.

ಕಾಣೆಯ ವಿಚಾರದಲ್ಲಿ ಒಂದು ಅನುಮಾನ ಉಳಿಯುತ್ತದೆ. ಅದು ಮರಳಿನೊಳಗಿನ ಹುಳುಗಳನ್ನು ಹೆಕ್ಕಿ ತಿನ್ನುವ ಮೀನು, ಡಾಂಬರುಂಡೆಗಳು ಒಡೆದು ಹೂತುಹೋಗುವುದೂ ಅದೇ ಮರಳಿನಲ್ಲಿ. ಯಾವ ಎಣ್ಣೆ ಎಂಬುದೂ ಮುಖ್ಯ. 2019ರ ಅಕ್ಟೋಬರಿನಲ್ಲಿ ದೋನಾ ಪಾವ್ಲ ಬಳಿ ನೆಲಕಚ್ಚಿದ ನು ಶಿ ನಳಿನಿ ಹಡಗಿನಲ್ಲಿದ್ದ ನಾಫ್ತಾ ಎಂಬ ಹಗುರ ತೈಲ ಸೋರಿದ್ದರೆ ಬೇಗ ಆವಿಯಾಗುತ್ತಿತ್ತು, ಅದರ ಭಯ ಬೆಂಕಿಯದು. ಹಡಗಿನ ಎಂಜಿನ್ನಿಗೆ ಸುರಿಯುವ ಫರ್ನೇಸ್ ಎಣ್ಣೆ ಹಾಗಲ್ಲ, ತಿಂಗಳುಗಟ್ಟಲೆ ಅಂಟಿಕೊಂಡಿರುತ್ತದೆ. ಮುಚ್ಚಿದ ನೀರನ್ನು ಮತ್ತೆ ತೆರೆಯುವ ಮುನ್ನ ಅಮೆರಿಕದಲ್ಲಿ ತರಬೇತಾದವರು ಮೀನನ್ನು ಹಸಿಯಾಗಿಯೂ ಬೇಯಿಸಿಯೂ ಮೂಸಿ ನೋಡುತ್ತಿದ್ದರು, ಆಮೇಲೆ ರಾಸಾಯನಿಕ ಪರೀಕ್ಷೆ. ಮನೆಯಲ್ಲಿ ನೀವು ಒಂದು ಕಾಣೆಯನ್ನು ಉಪ್ಪು, ಮಸಾಲೆ ಏನೂ ಹಾಕದೆ ಹಬೆಯಲ್ಲಿ ಬೇಯಿಸಿ ಮುಚ್ಚಳ ತೆರೆದು ಮೂಸಿ, ರುಚಿ ನೋಡಬೇಡಿ. ವಾಸನೆ ಬಂದರೆ ಎಸೆಯಿರಿ. ಬರದಿದ್ದರೆ ಶುದ್ಧವೆಂದು ಅದರಿಂದ ಸಿದ್ಧವಾಗುವುದಿಲ್ಲ. ನಾನಾದರೆ ಮಗುವಿರುವ ಮನೆಯಲ್ಲಿ ಆಗಲೂ ಎಸೆಯುತ್ತೇನೆ.

ಉತ್ತರ 3 – ಮುಲುಂಡ್ ಕನ್ನಡಿಗ

2010ರ ಆಗಸ್ಟ್ 7ರಂದು ಮುಂಬೈ ಬಂದರಿನ ಬಾಯಲ್ಲಿ ಎಂಎಸ್‌ಸಿ ಚಿತ್ರಾ ಮತ್ತು ಖಲೀಜಿಯಾ 3 ಹಡಗುಗಳು ಡಿಕ್ಕಿ ಹೊಡೆದು ಚಿತ್ರಾದಿಂದ ನೂರಾರು ಟನ್ ಎಣ್ಣೆ ಸೋರಿದಾಗ ಕಂಟೇನರುಗಳೂ ಕಡಲಿಗೆ ಬಿದ್ದಿದ್ದವು. ಹಡಗಿನಲ್ಲಿ ಕೀಟನಾಶಕವಿತ್ತೆಂಬುದು ಎಣ್ಣೆಗಿಂತ ದೊಡ್ಡ ದಿಗಿಲಾಗಿತ್ತು. ನಮ್ಮ ಮಾರುಕಟ್ಟೆಯ ಮಾವಶಿ ತಮ್ಮ ಬುಟ್ಟಿಯ ಮೀನೆಲ್ಲ ಗುಜರಾತಿನಿಂದ ಬಂದದ್ದೆಂದು ಆಣೆ ಇಟ್ಟು ಹೇಳಿದರೂ ಕೊಳ್ಳುವವರಿರಲಿಲ್ಲ. ಹವ್ಯಾಸಿಗೆ ಒಂದು ಭಾನುವಾರ ಹೋದರೆ ನಷ್ಟವಿಲ್ಲ. ಆಕೆಗೆ ಅದು ಹೊಟ್ಟೆಪಾಡು. ಸರ್, ನೀವು ದೂರು ಕೊಡುವಾಗ ಅಲ್ಲಿನ ದೋಣಿಯವರನ್ನೂ ಜೊತೆಗೆ ಕರೆದುಕೊಳ್ಳಿ. ಪರಿಹಾರ ಕೇಳಬೇಕಾದಾಗ ದಿನಾಂಕವಿರುವ ಫೋಟೊ ಅವರ ಕೈಯಲ್ಲಿರಬೇಕು.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದ. ಫೋಟೊಗಳನ್ನು ಬೈನಾದ ಇಬ್ಬರು ದೋಣಿಯವರಿಗೆ ಕಳುಹಿಸಿದ್ದೇನೆ, 1554ಕ್ಕೂ ತಿಳಿಸಿದ್ದೇನೆ. ಅಕ್ಕ ಹೇಳಿದಂತೆ ನಿನ್ನೆ ರಾತ್ರಿ ಒಂದು ಕಾಣೆಯನ್ನು ಇಡ್ಲಿ ಪಾತ್ರೆಯಲ್ಲಿ ಬೇಯಿಸಿದೆವು. ನನ್ನ ಮೂಗಿಗೆ ಏನೂ ತಿಳಿಯಲಿಲ್ಲ. ಮುಚ್ಚಳ ತೆರೆದೊಡನೆ ಮಗ, 'ಅಪ್ಪಾ, ಅಜ್ಜನ ಮನೆ ಚಿಮಣಿ ದೀಪದ ವಾಸನೆ' ಎಂದ. ಉಳಿದ ಐದನ್ನೂ ಎಸೆದೆವು.