ಮ್ಯಾಜಿಸ್ಟ್ರೇಟ್ ಜಡ್ಜ್ ಮುಂದೆ ಕೇಸು ನಡೆಸಲು ಸಹಿ ಹಾಕಬಹುದಾ?

ಅರಸೀಕೆರೆಯವಳು (ಡಲ್ಲಾಸ್):
ನಮ್ಮವರು ಹಳೇ ಕಂಪನಿ ಮೇಲೆ ಓವರ್‌ಟೈಮ್ ಬಾಕಿಗೆ ಫೆಡರಲ್ ಕೋರ್ಟಿನಲ್ಲಿ ಕೇಸು ಹಾಕಿದ್ದಾರೆ. ಮೊನ್ನೆ ಎಒ 85 ಅಂತ ಒಂದು ಫಾರಂ ಬಂತು. ಮ್ಯಾಜಿಸ್ಟ್ರೇಟ್ ಜಡ್ಜ್ ಕೇಸು ನಡೆಸಲು ಒಪ್ಪಿಗೆಯಿದ್ದರೆ ಸಹಿ ಹಾಕಬೇಕಂತೆ. ಊರಲ್ಲಿ ಅಪ್ಪ ಶಿರಸ್ತೇದಾರರಾಗಿದ್ದವರು. "ದೊಡ್ಡ ಜಡ್ಜ್ ಇರುವಾಗ ಜೆಎಂಎಫ್‌ಸಿ ಹತ್ರ ಯಾಕಮ್ಮ ಹೋಗ್ತೀರಿ?" ಅಂದರು. ಜೆಎಂಎಫ್‌ಸಿ ಅಂದರೆ ನಮ್ಮೂರ ಕಡೆಯ ಕೆಳಹಂತದ ಮ್ಯಾಜಿಸ್ಟ್ರೇಟ್. ಹೌದಾ?

ಫೈಲು ಹೊರುವವನು:
ವಕೀಲರ ಆಫೀಸಿನಲ್ಲಿ ಹನ್ನೊಂದು ವರ್ಷದಿಂದ ಪ್ಯಾರಾಲೀಗಲ್ ಆಗಿದ್ದೇನೆ. ಹೆಸರು ನೋಡಿ ಮೋಸಹೋಗಬೇಡಿ ಅಂತ ಅಪ್ಪಾಜಿಗೆ ಹೇಳಿ. ಅವರು ಹೇಳುವ ದೊಡ್ಡ ಜಡ್ಜ್ ಅಂದರೆ ಇಲ್ಲಿ ಫೆಡರಲ್ ಡಿಸ್ಟ್ರಿಕ್ಟ್ ಜಡ್ಜ್. ಅವರನ್ನು ಅಧ್ಯಕ್ಷರು ನೇಮಿಸುತ್ತಾರೆ, ಸೆನೆಟ್ ಒಪ್ಪಬೇಕು, ಜೀವಮಾನದ ಹುದ್ದೆ. ಮ್ಯಾಜಿಸ್ಟ್ರೇಟ್ ಜಡ್ಜ್‌ಗಳನ್ನು ಆ ಡಿಸ್ಟ್ರಿಕ್ಟ್ ಜಡ್ಜ್‌ಗಳೇ 8 ವರ್ಷಕ್ಕೆ ಆರಿಸುತ್ತಾರೆ. 1968ರ ಕಾಯ್ದೆಯಲ್ಲಿ ಬರೀ ಮ್ಯಾಜಿಸ್ಟ್ರೇಟ್ ಅಂತಿತ್ತು, 1990ರಲ್ಲಿ ಜಡ್ಜ್ ಸೇರಿತು. ಸರ್ಚ್ ವಾರಂಟ್, ಜಾಮೀನು, ದಾಖಲೆ ಕೊಡದೆ ಸತಾಯಿಸುವವರ ಜಗಳ, ಇವೆಲ್ಲ ಅವರ ದಿನನಿತ್ಯದ ಕೆಲಸ.

ಸಿವಿಲ್ ಕೇಸಲ್ಲಿ ಎರಡೂ ಕಡೆಯವರು ಒಪ್ಪಿದರೆ ಜ್ಯೂರಿ ಕೂರಿಸಿ ತೀರ್ಪನ್ನೂ ಅವರೇ ಕೊಡಬಹುದು. ಅಪೀಲು ನೇರ ಮೇಲಿನ ಕೋರ್ಟಾದ ಐದನೇ ಸರ್ಕ್ಯೂಟ್‌ಗೆ, ನ್ಯೂ ಆರ್ಲಿಯನ್ಸ್‌ಗೆ. ದೊಡ್ಡ ಲಾಭ ತಾರೀಖಿನದು. ಗಂಭೀರ ಕ್ರಿಮಿನಲ್ ವಿಚಾರಣೆ ಡಿಸ್ಟ್ರಿಕ್ಟ್ ಜಡ್ಜ್ ಪಾಲಿನದು. ಅದನ್ನು 70 ದಿನದೊಳಗೆ ಶುರುಮಾಡಬೇಕೆಂಬ ಗಡುವು ಬೇರೆ. ಅದು ಬಂದರೆ ನಿಮ್ಮ ಓವರ್‌ಟೈಮ್ ಕೇಸು ಹಿಂದಕ್ಕೆ! ಮ್ಯಾಜಿಸ್ಟ್ರೇಟ್ ಜಡ್ಜ್‌ಗೆ ಆ ಕಾಟ ಇಲ್ಲ.

ಒಪ್ಪದಿದ್ದರೂ ಅವರನ್ನು ತಪ್ಪಿಸಲಾಗದು. ದಾಖಲೆ ಜಗಳ ಅವರ ಹತ್ತಿರವೇ ಹೋಗಬಹುದು. ಕೆಲವು ಅರ್ಜಿಗಳಿಗೆ ಅವರು ಶಿಫಾರಸು ಬರೆಯುತ್ತಾರೆ, ತಕರಾರಿದ್ದರೆ 14 ದಿನದಲ್ಲಿ ಹಾಕಬೇಕು, ಆಮೇಲೆ ಡಿಸ್ಟ್ರಿಕ್ಟ್ ಜಡ್ಜ್ ಮತ್ತೆ ನೋಡುತ್ತಾರೆ. ಒಂದೇ ವಿಷಯಕ್ಕೆ ಎರಡು ಸಲ ವಕೀಲರ ಫೀಸು.

ತುಮಕೂರು ಟು ಟೆಕ್ಸಾಸ್:
ಒಂದು ಮಾತು. ಒಪ್ಪಿದ ಮೇಲೆ ಸುಮ್ನೆ ಮನಸ್ಸು ಬದಲಾಯಿಸೋಕಾಗಲ್ಲ. ಅಸಾಧಾರಣ ಕಾರಣ ತೋರಿಸಬೇಕು. ಆ ಜಡ್ಜ್ ಹಿಂದೆ ಇಂಥ ಕೇಸಲ್ಲಿ ಏನು ಬರೆದಿದ್ದಾರೆ ಅಂತ ವಕೀಲರಿಂದ ಮೊದಲೇ ತಿಳಿದುಕೊಳ್ಳಿ.

ಅರಸೀಕೆರೆಯವಳು:
ನಾವು ಬೇಡ ಅಂದರೆ ಜಡ್ಜ್‌ಗೆ ಬೇಜಾರಾಗಲ್ವಾ?

ಫೈಲು ಹೊರುವವನು:
ಫಾರಂ ಕೆಳಗೆ ಸಣ್ಣಕ್ಷರದಲ್ಲಿ ನೋಡಿ. ಒಪ್ಪಿಗೆ ಇದ್ದರೆ ಮಾತ್ರ ಕ್ಲರ್ಕ್‌ಗೆ ಕೊಡಿ, ಜಡ್ಜ್‌ಗೆ ಕೊಡಬೇಡಿ ಅಂತಿದೆ. ಯಾರು ಬೇಡ ಅಂದರು ಅಂತ ಅವರಿಗೆ ಗೊತ್ತಾಗಬಾರದು, ಅದಕ್ಕೇ.

ಅರಸೀಕೆರೆಯವಳು:
ಅಪ್ಪನಿಗೆ ಓದಿ ಹೇಳಿದೆ. "ಜ್ಯೂರಿನೂ ಕೂರಿಸ್ತಾರಾ!" ಅಂದವರು ಫೋನೇ ಇಡ್ತಿಲ್ಲ.