ಎಂಟು ಪೋರ್ಟಿನ ಪಾಲುಪಾರೀಕತ್ತು

"ಮನೆಯ ನೆಟ್‌ವರ್ಕನ್ನು ನಾಲ್ಕು ಪಾಲು ಮಾಡಬೇಕೆಂದಿದ್ದೇನೆ ಮಾವ. ಅದಕ್ಕೊಂದು ಅಗ್ಗದ ಮ್ಯಾನೇಜ್ಡ್ ಸ್ವಿಚ್ಚು, ಅಂದರೆ ತಂತಿಗಳನ್ನು ಕೂಡಿಸುವ, ನಾವು ಹೇಳಿದಂತೆ ಪಾಲು ಮಾಡುವ ಡಬ್ಬಿ, ಹುಡುಕುತ್ತಿದ್ದೇನೆ" ಎಂದು ಕಿಟ್ಟಿ ಹೇಳಿದೊಡನೆ, ಕ್ಯಾತ್ಸಂದ್ರದಿಂದ ತಂದ ತಟ್ಟೆ ಇಡ್ಲಿಯನ್ನು ಚಟ್ನಿಗೆ ಅದ್ದುತ್ತಿದ್ದ ಸೀನಪ್ಪನವರು ಕೈ ತಡೆದು ಕುಳಿತರು. ಸಬ್‌ರಿಜಿಸ್ಟ್ರಾರ್ ಕಚೇರಿಯ ಎದುರು ಆಯುಷ್ಯವಿಡೀ ಪಾಲುಪಾರೀಕತ್ತು ಬರೆದ ಕೈ ಅದು.

"ಹಕ್ಕುದಾರರು ಯಾರ್‍ಯಾರು?"

"ಆಫೀಸಿನ ಲ್ಯಾಪ್‌ಟಾಪಿಗೆ ಒಂದು ವಿ-ಲ್ಯಾನ್, ಅಂದರೆ ನೆಟ್‌ವರ್ಕಿನಲ್ಲೇ ಬೇಲಿ ಹಾಕಿದ ಒಂದು ಪಾಲು; ಅಮ್ಮನ ಮತ್ತು ನನ್ನ ಫೋನುಗಳಿಗೆ ಒಂದು, ಕ್ಯಾಮೆರಾ, ಟಿ.ವಿ., ಸ್ಮಾರ್ಟ್ ಬಲ್ಬುಗಳಿಗೆ ಒಂದು, ಬಂದ ನೆಂಟರಿಗೆ ಒಂದು."

"ಮದುವೆಯಾದ ಹೆಣ್ಣುಮಕ್ಕಳಿಗೆ ಸಮಪಾಲು ಸಿಗುವುದಕ್ಕೆ ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯವರೆಗೆ ಕಾಯಬೇಕಾಯಿತು. ನಿನ್ನ ಬಲ್ಬಿಗೆ ಒಂದು ಭಾನುವಾರ ಸಾಕಾಯಿತಲ್ಲಪ್ಪ!"

ಇದೊಂದು ಹೊಸ ಗೀಳು. ತುಮಕೂರಿನಿಂದ ಬೆಂಗಳೂರಿಗೆ ರೈಲಿನಲ್ಲಿ ಹೋಗಿಬರುವ ಹುಡುಗರು ಹಿಂದೆ ಯಾರ ಮೊಬೈಲಿನಲ್ಲಿ ಎಷ್ಟು ಮೆಗಾಪಿಕ್ಸೆಲ್ ಎಂದು ವಾದಿಸುತ್ತಿದ್ದರು. ಈಗ ಯಾರ ಮನೆಯಲ್ಲಿ ಎಷ್ಟು ವಿ-ಲ್ಯಾನ್ ಎಂದು ವಾದಿಸುತ್ತಾರೆ. ಮನೆಯಲ್ಲಿ ಇಬ್ಬರೇ ಇದ್ದರೂ ನೆಟ್‌ವರ್ಕು ಮಾತ್ರ ಜಿಲ್ಲಾಧಿಕಾರಿಗಳ ಕಚೇರಿಯಂತಿರಬೇಕು.

"ನನ್ನ ಅಂಗಡಿಯಲ್ಲಿ ಸಾದಾ ಸ್ವಿಚ್ಚೇ ಇದೆಯಲ್ಲ, ಇದರ ಅರ್ಧ ದುಡ್ಡೂ ಆಗುವುದಿಲ್ಲ" ಎಂದು ಗಂಗಣ್ಣ ಗೊಣಗಿದ. ಹಾಗೆಂದವನೇ, ಕಿಟ್ಟಿ ಹೇಳಿದನೆಂದು ಮೂರು ಸಾವಿರದ ಆಸುಪಾಸಿನ ಎಂಟು ಪೋರ್ಟಿನ ಡಬ್ಬಿಯೊಂದನ್ನು ಚೀಲದಲ್ಲಿ ತಂದೂ ಇದ್ದ.

"ಸಾದಾ ಸ್ವಿಚ್ಚಿಗೆ ಎಲ್ಲರೂ ಒಂದೇ ಗಂಗಣ್ಣ. ಒಬ್ಬರು ಎಲ್ಲರನ್ನೂ ಕುರಿತು ಕೂಗಿದರೆ ಮನೆಯಲ್ಲಿರುವ ಅಷ್ಟೂ ಯಂತ್ರಗಳ ಕಿವಿಗೆ ಬೀಳುತ್ತದೆ. ಇದು ಹಾಗಲ್ಲ, 802.1ಕ್ಯೂ ಎಂಬ ನಿಯಮದಂತೆ ಮಾಹಿತಿಯ ಪ್ರತಿಯೊಂದು ಕಂತೆಗೂ ನಾಲ್ಕು ಬೈಟಿನ ಚೀಟಿ ಅಂಟಿಸಿ, ಯಾವ ಪಾಲಿನದೆಂದು ಸಂಖ್ಯೆ ಹಾಕುತ್ತದೆ. ಸಂಖ್ಯೆಗೆ 12 ಬಿಟ್ ಜಾಗವಿರುವುದರಿಂದ ಆ ನಿಯಮದಲ್ಲಿ 4,094 ಪಾಲಿನವರೆಗೂ ಹೋಗಬಹುದು" ಎಂದ ಕಿಟ್ಟಿ.

"ಸರ್ವೆ ನಂಬರು ಅನ್ನು" ಎಂದರು ಸೀನಪ್ಪನವರು. "4,094 ಹಿಸ್ಸೆ ಮಾಡಿದರೆ ಒಬ್ಬೊಬ್ಬರಿಗೆ ನಿಲ್ಲುವುದಕ್ಕೆ ಒಂದು ಕಾಲಿನ ಜಾಗವೂ ಉಳಿಯುವುದಿಲ್ಲ."

ಮೇಷ್ಟ್ರು ಕನ್ನಡಕ ಏರಿಸಿ ಆಯ್ಕೆಯ ವಿಚಾರಕ್ಕೆ ಬಂದರು. ಟಿಪಿ-ಲಿಂಕಿನ ಎಸ್‌ಜಿ108ಇ, ನೆಟ್‌ಗೇರಿನ ಜಿಎಸ್308ಇ ಎರಡೂ ಎಂಟು ಗಿಗಾಬಿಟ್ ಪೋರ್ಟಿನವು, ಎರಡಕ್ಕೂ ಪಾಲು ಮಾಡಲು ಬರುತ್ತದೆ, ಎರಡರಲ್ಲೂ ಪಿಓಇ ಇಲ್ಲ. ಆದ್ದರಿಂದ ಮುಂದೆ ತಂತಿಯಲ್ಲೇ ವಿದ್ಯುತ್ತು ಬೇಡುವ ಕ್ಯಾಮೆರಾ ಕೊಂಡರೆ ಬೇರೆ ಮಾದರಿಯನ್ನೇ ನೋಡಬೇಕು ಎಂದು ವಿವರಿಸಿದರು. "ಇನ್ನೊಂದು ಮಾತು ಕಿಟ್ಟಿ. ಅಗ್ಗದ ಕೆಲವು ಡಬ್ಬಿಗಳಲ್ಲಿ ಸೆಟ್ಟಿಂಗಿನ ಪುಟ ಯಾವ ಪಾಲಿನಿಂದ ಬೇಕಾದರೂ ತೆರೆಯುತ್ತದೆ. ಕ್ಯಾಮೆರಾವನ್ನು ಬೇರೆ ಕೋಣೆಗೆ ಹಾಕಿ, ಗೋಡೆ ಕೆಡವುವ ಹಾರೆಯನ್ನೂ ಅದೇ ಕೋಣೆಯಲ್ಲಿ ಇಟ್ಟ ಹಾಗಾಗುತ್ತದೆ."

"ಇದರಲ್ಲಿ ಹಾಗಿಲ್ಲ ಮೇಷ್ಟ್ರೇ, ಒಂದನೆಯ ವಿ-ಲ್ಯಾನಿನಿಂದ ಮಾತ್ರ ತೆರೆಯುತ್ತದೆ" ಎಂದು ಹೆಮ್ಮೆಯಿಂದ ಹೇಳಿದ ಕಿಟ್ಟಿ, ಡಬ್ಬಿಯನ್ನು ಟೀಪಾಯಿಯ ಮೇಲಿಟ್ಟು, ರೂಟರಿನ ತಂತಿಯನ್ನು ಒಂದನೆಯ ಪೋರ್ಟಿಗೂ ಟಿ.ವಿ.ಯದನ್ನು ಎರಡಕ್ಕೂ ಲ್ಯಾಪ್‌ಟಾಪನ್ನು ನಾಲ್ಕಕ್ಕೂ ಸಿಕ್ಕಿಸಿದ.

"ಪಾಲಿನಲ್ಲಿ ಜಗಳ ಬರುವುದು ಜಮೀನಿಗಲ್ಲಪ್ಪ, ದಾರಿಗೆ ಮತ್ತು ಬಾವಿಗೆ" ಎಂದು ಸೀನಪ್ಪನವರು ಕೈ ತೊಳೆದುಕೊಂಡು ಬಂದು ಕುಳಿತರು. "ಇಂಟರ್‌ನೆಟ್ಟಿನ ಬಾವಿ ಒಂದೇ ತಾನೆ? ನಾಲ್ಕು ಪಾಲಿನವರೂ ಯಾವ ದಾರಿಯಲ್ಲಿ ಬಂದು ನೀರು ಸೇದಬೇಕು?"

ಕಿಟ್ಟಿ ತುಸು ತಡವರಿಸಿದ. ಸ್ವಿಚ್ಚು ಬೇಲಿ ಹಾಕಬಲ್ಲದೇ ಹೊರತು ದಾರಿ ಬಿಡಲಾರದು. ಯಾರು ಯಾರ ಪಾಲಿಗೆ ಹೋಗಬಹುದು, ಯಾರು ಹೋಗಕೂಡದು ಎಂದು ತೀರ್ಮಾನಿಸುವುದು ರೂಟರು. ಇಂಟರ್‌ನೆಟ್ಟಿನವರು ಕೊಟ್ಟುಹೋದ ರೂಟರಿಗೆ ವಿ-ಲ್ಯಾನಿನ ಗಂಧವಿಲ್ಲದಿದ್ದರೆ, ಓಪನ್‌ಡಬ್ಲ್ಯೂಆರ್‌ಟಿ ಎಂಬ ತಂತ್ರಾಂಶ ಹಾಕಬಹುದಾದ ಇನ್ನೊಂದು ರೂಟರನ್ನು ಕೊಳ್ಳಬೇಕು. ಫೋನುಗಳೂ ಬಲ್ಬುಗಳೂ ತಂತಿಯಿಲ್ಲದವುಗಳಾದ್ದರಿಂದ, ಒಂದೊಂದು ವೈಫೈ ಹೆಸರನ್ನು ಒಂದೊಂದು ಪಾಲಿಗೆ ಜೋಡಿಸಬಲ್ಲ ಆಕ್ಸೆಸ್ ಪಾಯಿಂಟೂ ಬೇಕು.

"ಮೂರು ಸಾವಿರದ ಪತ್ರಕ್ಕೆ ಹತ್ತು ಸಾವಿರದ ಮುದ್ರಾಂಕ" ಎಂದರು ಸೀನಪ್ಪನವರು.

ಈ ಮಾತು ಕೇಳದವನಂತೆ ಕಿಟ್ಟಿ ಪರದೆಯ ಮೇಲಿನ ಚೌಕಗಳನ್ನು ಭರ್ತಿ ಮಾಡತೊಡಗಿದ. ಎಂಟು ಪೋರ್ಟಿಗೆ ಎಂಟು ಸಾಲು. ಪ್ರತಿ ಸಾಲಿನಲ್ಲೂ ಚೀಟಿಯಿರುವ ಟ್ಯಾಗ್ಡ್, ಚೀಟಿಯಿಲ್ಲದ ಅನ್‌ಟ್ಯಾಗ್ಡ್, ಸದಸ್ಯನಲ್ಲ ಎಂಬ ಮೂರು ಗುಂಡಿ. ನಾಲ್ಕನೆಯ ಪೋರ್ಟಿನ ಪಿವಿಐಡಿಯನ್ನು, ಅಂದರೆ ಚೀಟಿಯಿಲ್ಲದೆ ಬಂದ ಕಂತೆ ಯಾವ ಪಾಲಿಗೆಂಬ ಸಂಖ್ಯೆಯನ್ನು, 20 ಮಾಡಿ 'ಅಪ್ಲೈ' ಒತ್ತಿದ. ಪುಟ ಸುತ್ತಿತು, ಸುತ್ತಿತು, ಬಿಳಿಯಾಯಿತು. ತಾನು ಕುಳಿತಿದ್ದ ಪೋರ್ಟನ್ನೇ ಒಂದನೆಯ ಪಾಲಿನಿಂದ ಹೊರಹಾಕಿಕೊಂಡಿದ್ದ.

"ನಾನು ಎಷ್ಟೋ ಪಾಲು ಬರೆದಿದ್ದೇನೆ. ಪತ್ರ ಬರೆಯುವವನೇ ಮನೆಯಿಂದ ಹೊರಗೆ ಹೋದದ್ದನ್ನು ಈಗಲೇ ನೋಡಿದ್ದು" ಎಂದು ಸೀನಪ್ಪನವರು ನಕ್ಕರು.

ಮೇಷ್ಟ್ರು ಹುಡುಗನ ಪಕ್ಷ ವಹಿಸಿದರು. 2016ರಲ್ಲಿ ಮಿರಾಯ್ ಎಂಬ ದುಷ್ಟ ತಂತ್ರಾಂಶವು ಜನರ ಮನೆಯ ಕ್ಯಾಮೆರಾ, ಅದರ ಚಿತ್ರ ಹಿಡಿದಿಡುವ ಡಿವಿಆರ್‌ಗಳನ್ನೇ ದಂಡು ಕಟ್ಟಿಕೊಂಡು, ಅಕ್ಟೋಬರ್ 21ರಂದು ಜಾಲತಾಣಗಳ ಹೆಸರಿಗೆ ವಿಳಾಸ ಹೇಳುವ ಡೈನ್ ಎಂಬ ಕಂಪನಿಯ ಮೇಲೆ ಬಿದ್ದು, ಟ್ವಿಟರ್, ನೆಟ್‌ಫ್ಲಿಕ್ಸ್‌ಗಳು ಅಮೆರಿಕದಲ್ಲಿ ತೆರೆಯದಂತೆ ಮಾಡಿತ್ತು. ಕ್ಯಾಮೆರಾವನ್ನು ದೂರವಿಡುವುದರಲ್ಲಿ ಅರ್ಥವಿದೆ ಎಂದರು.

"ಅದು ಒಳಗೆ ನುಗ್ಗಿದ್ದು ಹೇಗೆ ಮೇಷ್ಟ್ರೇ?"

"ಕಾರ್ಖಾನೆಯಿಂದ ಬಂದಾಗ ಇದ್ದ ಪಾಸ್‌ವರ್ಡನ್ನು ಯಾರೂ ಬದಲಾಯಿಸಿರಲಿಲ್ಲ. ಅಂಥ 60ಕ್ಕೂ ಹೆಚ್ಚು ಜೋಡಿಗಳನ್ನು ಒಂದೊಂದಾಗಿ ಹಾಕಿ ನೋಡುತ್ತಿತ್ತು."

ಸೀನಪ್ಪನವರು ಗಂಗಣ್ಣನ ಕಡೆ ತಿರುಗಿದರು. "ಈ ಮನೆಯ ಡಿವಿಆರ್ ನೀನೇ ಹಾಕಿದ್ದಲ್ಲವೇ? ಪಾಸ್‌ವರ್ಡು ಏನಿದೆ?"

"ಅಡ್ಮಿನ್. ನಾನು ಹಾಕಿದ ಕಡೆಯೆಲ್ಲ ಅದೇ. ಮರೆತುಹೋಗಬಾರದಲ್ಲ ಅಣ್ಣ!"

"ಸರಿ. ಮನೆಯ ಮೂಲಪತ್ರ ಬೀದಿಬಾಗಿಲಿಗೆ ಅಂಟಿಸಿದೆ, ಒಳಗೆ ನಡುಗೋಡೆಗೆ ಪಂಚಾಯ್ತಿ ನಡೆದಿದೆ."

ಕಾಫಿ ತಂದ ಜಯಮ್ಮನವರಿಗೆ ಇದ್ಯಾವುದೂ ಬೇಕಿರಲಿಲ್ಲ. "ನೆಂಟರ ಪಾಲು ಅಂದೆಯಲ್ಲೋ, ಯಾವ ನೆಂಟರು?" ಎಂದು ಕೇಳಿದರು. "ಬೇಸಿಗೆ ರಜೆ ಬಂದರೆ ಗುಬ್ಬಿಯಿಂದ, ಶಿರಾದಿಂದ ಬಂದವರು ಈ ನಡುಮನೆಯಲ್ಲಿ ಸಾಲಾಗಿ ಮಲಗುತ್ತಿದ್ದರು, ರಾತ್ರಿ ನೀರಿಗೆಂದು ಎದ್ದರೆ ಯಾರನ್ನಾದರೂ ತುಳಿಯದೆ ದಾಟುವಂತಿರಲಿಲ್ಲ. ಈಗ ಮದುವೆಯ ಕರೆಯೋಲೆ ಕೊಡಲು ಬಂದವರೂ ಚಪ್ಪಲಿಯಲ್ಲೇ ನಿಂತು ಹೋಗುತ್ತಾರೆ, ಅವರ ಡೇಟಾ ಅವರ ಜೇಬಿನಲ್ಲೇ ಇರುತ್ತದೆ."

ಯಾರೂ ಏನೂ ಹೇಳಲಿಲ್ಲ. ಸೀನಪ್ಪನವರು ಕಾಫಿ ಆರಿಸುತ್ತಾ, "ಚಿಕ್ಕಪೇಟೆಯಲ್ಲಿ ಅಣ್ಣತಮ್ಮಂದಿರಿಬ್ಬರಿಗೆ ಪಾಲು ಬರೆದುಕೊಟ್ಟಿದ್ದೆ. ಹಜಾರದ ನಟ್ಟನಡುವೆ ಗೋಡೆ ಎಬ್ಬಿಸಿದರು, ಅರ್ಧ ಗೇಣಿಗೆ ಅಮೀನರನ್ನು ಕರೆಸಿದರು. ಈಗ ಎರಡು ಕಡೆಯ ಮಕ್ಕಳೂ ಬೆಂಗಳೂರಿನಲ್ಲಿದ್ದಾರೆ, ಎರಡು ಬಾಗಿಲಿಗೂ ಬೀಗ ಬಿದ್ದಿದೆ. ಗೋಡೆ ಮಾತ್ರ ಬಲು ಗಟ್ಟಿಯಾಗಿದೆ" ಎಂದರು.

"ಹಾಗಾದರೆ ಡಬ್ಬಿ ವಾಪಸು ಕೊಡಲೇ?" ಎಂದು ಕಿಟ್ಟಿ ಮೆಲ್ಲಗೆ ಕೇಳಿದ.

"ಸೀಲು ಒಡೆದ ಮೇಲೆ ವಾಪಸಿಲ್ಲ" ಎಂದು ಗಂಗಣ್ಣ ಚುರುಕಾದ. "ಬಲ್ಬು ರೂಟರಿನ ಗೆಸ್ಟ್ ವೈಫೈನಲ್ಲೇ ಇರಲಿ ಬಿಡು. ಆದರೆ ಡಿವಿಆರ್ ತಂತಿಯದು, ಅದಕ್ಕೆ ಗೆಸ್ಟ್ ವೈಫೈ ಆಗುವುದಿಲ್ಲ."

"ನಾಲ್ಕು ಬೇಡ, ಎರಡು ಪಾಲು ಬರೆ" ಎಂದು ಸೀನಪ್ಪನವರು ತೀರ್ಪಿತ್ತರು. "ಡಿವಿಆರ್ ಒಂದು ಕಡೆ, ಉಳಿದವರೆಲ್ಲ ಒಂದು ಕಡೆ. ಮೊದಲು ಪಾಸ್‌ವರ್ಡು ಬದಲಾಯಿಸು. ಆಮೇಲೆ ರೂಟರು ದಾರಿ ಬಿಡುತ್ತದೆಯೋ ಇಲ್ಲವೋ ವಿಚಾರಿಸು. ಬಿಡದಿದ್ದರೆ ಪತ್ರ ಬರೆಯಲೇಬೇಡ."

"ಟಿ.ವಿ. ನನ್ನ ಫೋನಿನ ಕಡೆಯೇ ಇರಲಿ" ಎಂದರು ಜಯಮ್ಮ. ಅವರ ಮಾತಿನಲ್ಲಿ ತಂತ್ರಜ್ಞಾನವೂ ಇತ್ತು: ಫೋನು ಟಿ.ವಿ.ಯನ್ನು ಹುಡುಕಿ ಕೂಗುವ ಕೂಗು ವಿ-ಲ್ಯಾನಿನ ಬೇಲಿಯನ್ನು ತಾನಾಗಿ ದಾಟುವುದಿಲ್ಲ, ಎಂಡಿಎನ್‌ಎಸ್ ಎಂಬ ಆ ಕೂಗನ್ನು ದಾಟಿಸುವ ಏರ್ಪಾಡನ್ನು ರೂಟರಿನಲ್ಲಿ ಬೇರೆಯಾಗಿ ಮಾಡಬೇಕಾಗುತ್ತದೆ.

ಇಷ್ಟಕ್ಕೂ ಬಿಳಿಯಾದ ಪುಟ ಬಿಳಿಯಾಗಿಯೇ ಇತ್ತು. ಡಬ್ಬಿಯ ಹಿಂದಿದ್ದ ರೀಸೆಟ್ಟಿನ ತೂತಿಗೆ ಕಿಟ್ಟಿಯ ಪೆನ್ನೂ ಹೋಗಲಿಲ್ಲ, ಮೇಷ್ಟ್ರ ಬೀಗದ ಕೈಯೂ ಹೋಗಲಿಲ್ಲ. ಜಯಮ್ಮನವರು ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನುಗಳಲ್ಲಿ ಸಣ್ಣದೊಂದನ್ನು ಬಿಚ್ಚಿ ಮಗನ ಕೈಗಿಟ್ಟರು.

"ಹನ್ನೊಂದಕ್ಕೆ ಧಾರಾವಾಹಿಯ ಮರುಪ್ರಸಾರವಿದೆ. ಅಷ್ಟರೊಳಗೆ ಮನೆಯನ್ನು ಮೊದಲಿನ ಹಾಗೆ ಒಟ್ಟು ಮಾಡಿಕೊಡು."